ಈ ಮರ ಸೌದೆಗೆ ಆಗುತ್ತಾ? ಜಾತಿ ಗುರುತಿಸಿ ಗುಣ ಅಳೆಯುವ ಬಗೆ

ಬಿದ್ದ ಮರದ ಒಂದು ಫೋಟೋ, ಅದರ ಜೊತೆ ಒಂದೇ ಪ್ರಶ್ನೆ: "ಇದು ಯಾವ ಮರ? ಸೌದೆಗೆ ಆಗುತ್ತಾ?" ಓದುಗರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ಫೋಟೋ ನೋಡಿ ಹೆಸರು ಹೇಳುವುದು ಎಷ್ಟೋ ಸಲ ಆಗದ ಕೆಲಸ. ಹೆಸರು ಹೇಳಿದರೂ ಅರ್ಧ ಉತ್ತರ ಮಾತ್ರ ಸಿಕ್ಕಂತೆ. ಹಾಗಾಗಿ ನೀವೇ ಮರದ ಹತ್ತಿರ ನಿಂತು, ಕೈಯಲ್ಲಿ ಹಿಡಿದು ತೀರ್ಮಾನ ಮಾಡುವ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲೇ ಒಂದು ವಿಷಯ ಗೊತ್ತಿರಲಿ. ಪೂರ್ತಿ ಒಣಗಿದ ಮರವನ್ನು ತೂಕದ ಲೆಕ್ಕದಲ್ಲಿ ಉರಿಸಿದರೆ ಎಲ್ಲ ಜಾತಿಯೂ ಹೆಚ್ಚುಕಡಿಮೆ ಒಂದೇ ಶಾಖ ಕೊಡುತ್ತದೆ. ಕಿಲೋಗೆ ಸುಮಾರು 4,500 ಕಿಲೋಕ್ಯಾಲೊರಿ. ಜಾಲಿಯೂ ಅಷ್ಟೇ, ಬೂರುಗವೂ ಅಷ್ಟೇ. ರಾಳ ಅಥವಾ ಎಣ್ಣೆ ಇರುವ ಮರ ಸ್ವಲ್ಪ ಮೇಲಿರುತ್ತದೆ. ಇದಕ್ಕೆ ಕಾರಣ ಸುಲಭ. ಯಾವ ಮರವಾದರೂ ಅದರ ನಾರು ಆಗಿರುವುದು ಸೆಲ್ಯುಲೋಸ್, ಲಿಗ್ನಿನ್ ಮುಂತಾದ ಅವೇ ವಸ್ತುಗಳಿಂದ.

ಹಾಗಾದರೆ ಒಳ್ಳೆ ಸೌದೆ, ಕೆಟ್ಟ ಸೌದೆ ಅನ್ನುವ ವ್ಯತ್ಯಾಸ ಎಲ್ಲಿಂದ ಬಂತು? ಮುಖ್ಯವಾಗಿ ಎರಡು ಕಡೆಯಿಂದ. ಒಂದು, ಅದೇ ಗಾತ್ರದ ತುಂಡಿನಲ್ಲಿ ಎಷ್ಟು ಮರ ತುಂಬಿದೆ ಅನ್ನುವುದು. ಇದನ್ನು ಸಾಂದ್ರತೆ ಅನ್ನುತ್ತಾರೆ. ಎರಡು, ಅದರೊಳಗೆ ಎಷ್ಟು ನೀರು ಉಳಿದಿದೆ ಅನ್ನುವುದು. ಈ ಎರಡರಲ್ಲಿ ನೀರಿನದೇ ದೊಡ್ಡ ಪಾಲು. ಹಸಿ ಸರ್ವೆಗಿಂತ ಒಣಗಿದ ಮಾವು ಒಳ್ಳೆ ಸೌದೆ. ಆದ್ದರಿಂದ ಜಾತಿ ಕೇಳುವ ಮೊದಲು "ಒಣಗಿದೆಯಾ?" ಅಂತ ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಜಾತಿ ಗೊತ್ತಿದ್ದರೆ ಬೇರೆ ಉಪಯೋಗಗಳಿವೆ. ಯಾವುದನ್ನು ಮುಟ್ಟಬಾರದು, ಯಾವುದನ್ನು ಹಸಿ ಇರುವಾಗಲೇ ಸೀಳಬೇಕು, ಯಾವುದು ಕಿಡಿ ಹಾರಿಸುತ್ತದೆ, ಯಾವುದನ್ನು ಹುಳು ಬೇಗ ತಿನ್ನುತ್ತದೆ ಎಂಬುದೆಲ್ಲ ಹೆಸರಿನ ಜೊತೆ ಬರುತ್ತದೆ.

ಬೇಕಾಗುವ ಸಾಮಾನು

ಹರಿತವಾದ ಚಾಕು, ಗರಗಸ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಸಣ್ಣ ಭೂತಗನ್ನಡಿ, ಗ್ರಾಂ ತೋರಿಸುವ ತಕ್ಕಡಿ, ಎತ್ತರದ ಕಿರಿದಾದ ಗಾಜಿನ ಜಾಡಿ. ದಪ್ಪ ಕೈಗವಸು ಇರಲೇಬೇಕು. ಮರದ ತೇವಾಂಶ ತೋರಿಸುವ ಸಣ್ಣ ಮೀಟರ್ ಸಿಗುತ್ತದೆ, ಇದ್ದರೆ ಅನುಕೂಲ. ಇಲ್ಲದಿದ್ದರೂ ಕೆಲಸ ನಡೆಯುತ್ತದೆ.

ನಿಂತ ಮರವನ್ನು ಕಡಿಯುವ ಯೋಚನೆ ಇದ್ದರೆ ಒಂದು ಮಾತು. ಎಷ್ಟೋ ಕಡೆ ಸ್ವಂತ ಜಾಗದ ಮರಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಕೊಡಲಿ ಎತ್ತುವ ಮೊದಲೇ ವಿಚಾರಿಸಿ.

ಹಂತ 1: ಮುಟ್ಟುವ ಮೊದಲು ವಿಷದ ಮರವೇ ಅಂತ ನೋಡಿ

ಇದನ್ನು ಮೊದಲ ಹಂತವಾಗಿ ಇಟ್ಟಿರುವುದಕ್ಕೆ ಕಾರಣವಿದೆ. ಉಳಿದ ಹಂತಗಳಲ್ಲಿ ತಪ್ಪಾದರೆ ಹೊಗೆ ಜಾಸ್ತಿ ಬರುತ್ತದೆ. ಇಲ್ಲಿ ತಪ್ಪಾದರೆ ಆಸ್ಪತ್ರೆಗೆ ಹೋಗಬೇಕಾಗುತ್ತದೆ.

ಕರಿಗೇರು, ಹೊಲಗೇರು ಮುಂತಾದ ಕಾಡುಗೇರಿನ ಜಾತಿಯ ಮರಗಳ ಸೊನೆ ಮೈಗೆ ತಾಗಿದರೆ ಚರ್ಮ ಕೆಂಪಾಗಿ ಉರಿದು ಬೊಬ್ಬೆ ಏಳುತ್ತದೆ. ಗುರುತಿಸುವುದು ಹೀಗೆ: ಕೈಗವಸು ಹಾಕಿಕೊಂಡು ತೊಗಟೆಯ ಮೇಲೆ ಚಾಕುವಿನಿಂದ ಸಣ್ಣ ಗೀರು ಹಾಕಿ. ಸೊನೆ ಜಿನುಗಲಿ, ಸ್ವಲ್ಪ ಹೊತ್ತು ಕಾಯಿರಿ. ಗಾಳಿ ತಾಗುತ್ತಿದ್ದಂತೆ ಅದು ಕಪ್ಪಾದರೆ ಆ ಮರವನ್ನು ಅಲ್ಲೇ ಬಿಟ್ಟುಬಿಡಿ. ತೊಗಟೆಯ ಮೇಲೆ ಹಳೆಯ ಕಪ್ಪು ಕಲೆಗಳು ಇಳಿದಿದ್ದರೂ ಅನುಮಾನಪಡಿ. ಇಂಥ ಮರವನ್ನು ಸುಡುವುದೂ ಬೇಡ. ಹೊಗೆಯಿಂದ ಕಣ್ಣಿಗೂ ಶ್ವಾಸಕ್ಕೂ ತೊಂದರೆ ಆಗುತ್ತದೆ. ಮಾವು ಕೂಡ ಇದೇ ಕುಟುಂಬದ ಮರ. ಕೆಲವರಿಗೆ ಮಾವಿನ ಹಸಿ ಸೊನೆಯೂ ತುರಿಕೆ ತರುತ್ತದೆ.

ಕಣಗಲೆಯ ಎಲೆ, ಕಡ್ಡಿ, ಹೂವು ಎಲ್ಲವೂ ವಿಷ. ಅದರ ಹೊಗೆಯೂ ಅಪಾಯ. ಬೇಲಿ ಸವರಿದಾಗ ಸಿಕ್ಕ ಕಡ್ಡಿಗಳನ್ನು ಸುಮ್ನೆ ಒಲೆಗೆ ತುರುಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಕಳ್ಳಿಯ ಹಾಲು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಪೆಟ್ಟು. ಹಾಲು ಬರುವ ಯಾವುದೇ ಗಿಡವನ್ನು ಗುರುತು ಸಿಗುವವರೆಗೆ ಒಲೆಯಿಂದ ದೂರ ಇಡಿ.

ಇನ್ನು ಮರದ ಜಾತಿಗೆ ಸಂಬಂಧವೇ ಇಲ್ಲದ ವಿಷವೂ ಇದೆ. ಬಣ್ಣ ಬಳಿದ ಹಲಗೆ, ಪ್ಲೈವುಡ್, ಗೆದ್ದಲು ಹಿಡಿಯದಂತೆ ಔಷಧಿ ಹಾಕಿದ ಕಂಬ, ಇವು ಯಾವುವೂ ಸೌದೆ ಅಲ್ಲ. ಹಳೆಯ ಕಂಬಗಳಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿದ ಔಷಧಿ ಇರಬಹುದು. ಮರ ಸುಟ್ಟರೂ ಆರ್ಸೆನಿಕ್ ಹೊಗೆಯಲ್ಲೂ ಬೂದಿಯಲ್ಲೂ ಉಳಿಯುತ್ತದೆ. ಸಮುದ್ರದ ದಡಕ್ಕೆ ಬಂದು ಬಿದ್ದ ಮರದಲ್ಲಿ ಉಪ್ಪು ಹೀರಿಕೊಂಡಿರುತ್ತದೆ. ಅದನ್ನೂ ಉರಿಸಬೇಡಿ.

ಹಂತ 2: ನಿಂತ ಮರದಲ್ಲಿ ಜಾತಿ ಗುರುತಿಸಿ

ಎಲೆ, ಕಾಯಿ ಇರುವ ಮರವನ್ನು ಗುರುತಿಸುವುದು ಸುಲಭ. ಕಡಿದ ಮೇಲೆ ಅದೇ ಕೆಲಸ ಹತ್ತು ಪಟ್ಟು ಕಷ್ಟ. ಆದ್ದರಿಂದ ಮರ ಬಿದ್ದ ದಿನವೇ ಒಂದು ಕೊಂಬೆ, ಕಾಯಿ ಸಿಕ್ಕರೆ ಕಾಯಿ, ತೆಗೆದಿಟ್ಟುಕೊಳ್ಳಿ.

ಮೊದಲು ಎಲೆ ಒಂಟಿಯೋ, ಗರಿಯಾಗಿ ಒಡೆದದ್ದೋ ನೋಡಿ. ಒಂದೇ ಕಡ್ಡಿಗೆ ಎರಡೂ ಬದಿ ಸಾಲಾಗಿ ಸಣ್ಣ ಎಲೆಗಳಿದ್ದರೆ ಅವೆಲ್ಲ ಸೇರಿ ಒಂದು ಎಲೆ. ಬೇವು, ಹುಣಸೆ, ಹೊಂಗೆ ಹೀಗೆ. ಜಾಲಿಯಲ್ಲಿ ಆ ಕಡ್ಡಿಯೇ ಮತ್ತೆ ಕವಲೊಡೆದು ಎರಡು ಸಲ ಗರಿಯಾಗಿರುತ್ತದೆ. ಹೊಸಬರು ಇಲ್ಲೇ ಎಡವುತ್ತಾರೆ. ಪುಟ್ಟ ಎಲೆಯನ್ನೇ ಇಡೀ ಎಲೆ ಅಂದುಕೊಳ್ಳುತ್ತಾರೆ. ಎಲೆ ಎಲ್ಲಿ ಶುರುವಾಗುತ್ತದೆ ಅಂತ ತಿಳಿಯಲು ಮೊಗ್ಗು ಹುಡುಕಿ. ಎಲೆಯ ಬುಡದಲ್ಲಿ, ಕೊಂಬೆಗೆ ಸೇರುವ ಕಂಕುಳಲ್ಲಿ ಮೊಗ್ಗು ಇರುತ್ತದೆ. ಪುಟ್ಟ ಎಲೆಗಳ ಬುಡದಲ್ಲಿ ಇರುವುದಿಲ್ಲ.

ಆಮೇಲೆ ಎಲೆಗಳು ಎದುರುಬದುರಾಗಿವೆಯೋ, ಒಂದಾದ ಮೇಲೊಂದು ಬಂದಿವೆಯೋ ನೋಡಿ. ಎಲೆಯನ್ನು ಕಿತ್ತು ಹಾಲು ಬರುತ್ತದೆಯೇ ನೋಡಿ. ಕೈಯಲ್ಲಿ ಉಜ್ಜಿ ಮೂಸಿ. ನೀಲಗಿರಿ, ಮಾವು, ಬೇವು ವಾಸನೆಯಲ್ಲೇ ಗೊತ್ತಾಗುತ್ತವೆ. ಮುಳ್ಳು ಇದ್ದರೆ ಜೋಡಿಯಾಗಿದೆಯೋ ಒಂಟಿಯೋ ಗಮನಿಸಿ. ತೊಗಟೆಯನ್ನು ಮಾತ್ರ ಕೊನೆಗೆ ನೋಡಿ. ಎಳೆ ಮರದ ತೊಗಟೆಗೂ ಮುದಿ ಮರದ ತೊಗಟೆಗೂ ಹೋಲಿಕೆಯೇ ಇರುವುದಿಲ್ಲ. ತೊಗಟೆಯೊಂದನ್ನೇ ನಂಬಿದರೆ ಮೋಸ ಹೋಗುತ್ತೀರಿ.

ಸೌದೆಗೆ ಬರುವ ಮುಖ್ಯ ಮರಗಳ ಗುರುತು ಹೇಳುತ್ತೇನೆ.

ಸರ್ವೆ. ಗಾಳಿ ಮರ, ಚಬುಕು ಅಂತಲೂ ಕರೆಯುತ್ತಾರೆ. ದೂರದಿಂದ ಸೂಜಿ ಎಲೆಯ ಪೈನ್ ಮರದ ಹಾಗೆ ಕಾಣುತ್ತದೆ, ಹಾಗಾಗಿ ಎಷ್ಟೋ ಜನ ಅದೇ ಗುಂಪಿಗೆ ಸೇರಿಸುತ್ತಾರೆ. ಒಂದು ಎಳೆಯನ್ನು ಎರಡು ಕೈಯ ಬೆರಳಲ್ಲಿ ಹಿಡಿದು ನಿಧಾನವಾಗಿ ಎಳೆಯಿರಿ. ಗೆಣ್ಣಿನ ಹತ್ತಿರ ಅದು ನೀಟಾಗಿ ಕಳಚಿಕೊಳ್ಳುತ್ತದೆ. ಕಳಚಿದ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಸುತ್ತಲೂ ಸಣ್ಣ ಚೂಪು ಹಲ್ಲುಗಳ ಉಂಗುರ ಕಾಣುತ್ತದೆ. ಆ ಹಲ್ಲುಗಳೇ ನಿಜವಾದ ಎಲೆ. ಹಸಿರು ಎಳೆ ಅನ್ನುವುದು ತೆಳ್ಳನೆಯ ಕೊಂಬೆ. ಪೈನ್‌ನ ಸೂಜಿ ಹೀಗೆ ಕಳಚುವುದಿಲ್ಲ. ಸೌದೆಯಾಗಿ ಸರ್ವೆಗೆ ಸಮನಾದ ಮರ ಕಡಿಮೆ. ಭಾರ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ, ಪೂರ್ತಿ ಒಣಗದಿದ್ದರೂ ಒಂದಷ್ಟು ಉರಿಯುತ್ತದೆ.

ಜಾಲಿಗಳು. ಕರಿಜಾಲಿಯ ತೊಗಟೆ ಕಪ್ಪಗೆ, ಆಳವಾಗಿ ಸೀಳಿರುತ್ತದೆ. ಮುಳ್ಳು ನೇರ, ಬೆಳ್ಳಗೆ, ಜೋಡಿಯಾಗಿ. ಹೂವು ಹಳದಿ ಉಂಡೆ. ಕಾಯಿ ಬೀಜ ಬೀಜಕ್ಕೂ ನಡುವೆ ಹಿಸುಕಿದಂತೆ ಕಿರಿದಾಗಿರುತ್ತದೆ. ಬಳ್ಳಾರಿ ಜಾಲಿಯ ಹೂವು ಉಂಡೆಯಾಗಿರದೆ ಉದ್ದನೆಯ ತೆನೆಯಾಗಿರುತ್ತದೆ. ಕಾಯಿ ಒಣಹುಲ್ಲಿನ ಬಣ್ಣ, ಉದ್ದ, ಚಪ್ಪಟೆ, ನಡುವೆ ಹಿಸುಕಿರುವುದಿಲ್ಲ. ಬಿಳಿಜಾಲಿಯನ್ನು ಅದರ ತಿಳಿ ಬಣ್ಣದ ತೊಗಟೆಯಿಂದಲೇ ಗುರುತಿಸಬಹುದು. ಮೂರೂ ಒಳ್ಳೆ ಸೌದೆ. ಬಳ್ಳಾರಿ ಜಾಲಿಯ ಮುಳ್ಳು ಚುಚ್ಚಿ ಮುರಿದರೆ ಕೀವಾಗುತ್ತದೆ. ಮುಳ್ಳಿನ ಕೊಂಬೆಯನ್ನು ಮೊದಲು ಸವರಿ ಬೇರೆ ಹಾಕಿ, ಆಮೇಲೆ ದಪ್ಪ ಕೊಂಬೆಗೆ ಕೈ ಹಾಕಿ.

ಅಕೇಶಿಯಾ. ಇದೂ ಜಾಲಿಯ ನೆಂಟನೇ, ಆದರೆ ಗರಿ ಎಲೆ ಕಾಣುವುದಿಲ್ಲ. ಕುಡಗೋಲಿನಂತೆ ಬಾಗಿದ ಉದ್ದನೆಯ ಎಲೆ, ಅದರಲ್ಲಿ ಬುಡದಿಂದ ತುದಿಯವರೆಗೆ ಸಾಗುವ ನರಗಳು. ಅದು ಚಪ್ಪಟೆಯಾದ ಎಲೆಯ ತೊಟ್ಟು. ಈಗಷ್ಟೇ ಮೊಳೆತ ಸಸಿಯಲ್ಲಿ ನೋಡಿದರೆ ಗರಿ ಎಲೆ ಇರುತ್ತದೆ. ಕಾಯಿ ಸುರುಳಿ ಸುತ್ತಿಕೊಂಡಿರುತ್ತದೆ. ನೀಲಗಿರಿಯ ಎಲೆಯೂ ಬಾಗಿರುತ್ತದೆ, ಆದ್ದರಿಂದ ಇವೆರಡನ್ನು ಅದಲುಬದಲು ಮಾಡುವವರು ತುಂಬಾ. ಉಜ್ಜಿ ಮೂಸಿದರೆ ಸಾಕು, ಗೊಂದಲ ಮುಗಿಯುತ್ತದೆ. ಅಕೇಶಿಯಾ ಕಡಿಮೆ ಹೊಗೆಯಲ್ಲಿ ಚೆನ್ನಾಗಿ ಉರಿದು ಕೆಂಡವಾಗುತ್ತದೆ.

ನೀಲಗಿರಿ. ತೊಗಟೆ ಉದ್ದುದ್ದ ಪಟ್ಟಿಯಾಗಿ ಕಳಚುತ್ತದೆ. ಜೋರಾಗಿ ಉರಿಯುತ್ತದೆ, ಬೇಗ ಮುಗಿಯುತ್ತದೆ. ನಾರು ತಿರುಚಿಕೊಂಡಿರುವುದರಿಂದ ಒಣಗಿದ ಮೇಲೆ ಸೀಳಲು ಹೋದರೆ ಕೊಡಲಿ ಸಿಕ್ಕಿಕೊಳ್ಳುತ್ತದೆ. ಕಡಿದ ವಾರದೊಳಗೆ ಸೀಳಿಬಿಡಿ.

ಮತ್ತಿ, ದಿಂಡಿಗ. ಕರಿಮತ್ತಿಯ ತೊಗಟೆ ಚೌಕ ಚೌಕವಾಗಿ ಒಡೆದು ಮೊಸಳೆ ಚರ್ಮದ ಹಾಗೆ ಇರುತ್ತದೆ. ಹೊಳೆಮತ್ತಿಯ ತೊಗಟೆ ಹಾಗಲ್ಲ, ನಯವಾಗಿ, ಬೂದು ಬಿಳಿ ಬಣ್ಣದ ಪದರಗಳಾಗಿ ಉದುರುತ್ತದೆ. ದಿಂಡಿಗವೂ ನಯವಾದ ಬೂದು ಬಿಳಿ ತೊಗಟೆಯದೇ, ಆದರೆ ಎಲೆ ಚಿಕ್ಕದು. ದಿಂಡಿಗ ಭಾರವಾದ, ಗಟ್ಟಿಯಾದ, ಬಹಳ ಒಳ್ಳೆ ಸೌದೆ.

ಹುಣಸೆ. ಕೊರಡನ್ನು ಅಡ್ಡ ಕೊಯ್ದರೆ ಹೊರಗೆ ಅಗಲವಾದ ಹಳದಿ ಬಿಳುಪಿನ ಭಾಗ, ನಡುವೆ ಸಣ್ಣದಾಗಿ ನೇರಳೆ ಕಂದು ಬಣ್ಣದ ಕೆಚ್ಚು. ಶಾಖ ಅದ್ಭುತ. ಸೀಳುವುದು ಮಾತ್ರ ಕಷ್ಟ. ಇದನ್ನೂ ಹಸಿಯಲ್ಲೇ ಸೀಳಬೇಕು.

ಮಧ್ಯಮ ದರ್ಜೆಯಲ್ಲಿ ಬೇವು, ಹೊಂಗೆ, ಮಾವು, ಹಲಸು, ಸುಬಾಬುಲ್, ಸಿಲ್ವರ್ ಓಕ್ ಬರುತ್ತವೆ. ಗೊಬ್ಬರದ ಗಿಡವನ್ನು ಜನ ಎಲೆಗೊಬ್ಬರಕ್ಕೆ ಮಾತ್ರ ಅಂದುಕೊಂಡಿದ್ದಾರೆ. ಅದರ ಬಲಿತ ಕೊಂಬೆ ಒಣಗಿದರೆ ನಿಧಾನವಾಗಿ, ಕಡಿಮೆ ಹೊಗೆಯಲ್ಲಿ ಉರಿಯುತ್ತದೆ. ವರ್ಷ ವರ್ಷ ಸವರಿದರೂ ಮತ್ತೆ ಚಿಗುರುವ ಗಿಡ. ಮರ ಕಡಿಯದೆ ಸೌದೆ ಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಕೊನೆಯ ಸಾಲಿನಲ್ಲಿ ಬೂರುಗ, ಹಾಲುವಾಣ, ನುಗ್ಗೆ. ಬೂರುಗದ ಎಳೆ ಕಾಂಡದ ಮೇಲೆ ಬುಡ ಅಗಲವಾದ ದಪ್ಪ ಮುಳ್ಳುಗಳು, ಒಂದೇ ತೊಟ್ಟಿನಿಂದ ಹೊರಡುವ ಐದಾರು ಎಲೆಗಳು. ಹಾಲುವಾಣಕ್ಕೆ ಮೂರೆಲೆ. ಇವು ಹತ್ತಿಯಂತೆ ಹಗುರ, ಸರ್ರನೆ ಉರಿದುಹೋಗುತ್ತವೆ, ಕೆಂಡ ನಿಲ್ಲುವುದಿಲ್ಲ. ಆಲ, ಅತ್ತಿ, ಅರಳಿಯಲ್ಲಿ ಹಾಲು ಬರುತ್ತದೆ. ಅವೂ ಸೌದೆಗೆ ಅಷ್ಟಕ್ಕಷ್ಟೆ.

ಹಂತ 3: ಎಲೆ ಇಲ್ಲದ ತುಂಡಿನಲ್ಲಿ ಗುರುತು ಹಿಡಿಯಿರಿ

ರಾಶಿಯಲ್ಲಿ ಬಿದ್ದ ಕೊರಡಿಗೆ ಎಲೆಯೂ ಇಲ್ಲ, ಕಾಯಿಯೂ ಇಲ್ಲ. ಆಗ ಅಡ್ಡಕೊಯ್ತವೇ ಗತಿ. ಗರಗಸದಿಂದ ಕೊಯ್ದ ಮುಖದಲ್ಲಿ ನಾರು ಹರಿದು ಏನೂ ಕಾಣುವುದಿಲ್ಲ. ಒಂದು ಮೂಲೆಯನ್ನು ಹರಿತವಾದ ಚಾಕುವಿನಿಂದ ಒಂದೇ ಎಳೆತಕ್ಕೆ ತೆಳ್ಳಗೆ ಸವರಿ. ಆ ಜಾಗಕ್ಕೆ ಸ್ವಲ್ಪ ನೀರು ಹಚ್ಚಿ. ಈಗ ಭೂತಗನ್ನಡಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ.

ಸಣ್ಣ ಸಣ್ಣ ತೂತುಗಳು ಕಾಣುತ್ತವೆ. ಮರ ನೀರನ್ನು ಮೇಲಕ್ಕೆ ಸಾಗಿಸುವ ಕೊಳವೆಗಳು ಇವು. ತೂತೇ ಇಲ್ಲದೆ ಮುಖ ಒಂದೇ ಸಮ ಇದ್ದರೆ ಪೈನ್ ಜಾತಿಯ ಮರ ಇರಬಹುದು. ಅದರಲ್ಲಿ ರಾಳ ಜಾಸ್ತಿ, ಮಸಿ ಜಾಸ್ತಿ. ನಡುವಿನಿಂದ ತೊಗಟೆಯ ಕಡೆಗೆ ಹೊರಡುವ ತಿಳಿ ಗೆರೆಗಳೂ ಇರುತ್ತವೆ. ಸಿಲ್ವರ್ ಓಕ್‌ನಲ್ಲಿ ಈ ಗೆರೆಗಳು ಕನ್ನಡಿ ಇಲ್ಲದೆಯೂ ಕಾಣುವಷ್ಟು ಅಗಲ. ಸರ್ವೆಯಲ್ಲೂ ಅಗಲವಾದ ಗೆರೆಗಳಿವೆ, ಆದರೆ ಮರ ತುಂಬಾ ಭಾರ. ಕೈಯಲ್ಲಿ ಎತ್ತಿದರೆ ಇವೆರಡನ್ನು ಬೇರೆ ಮಾಡಬಹುದು.

ಬಣ್ಣವನ್ನೂ ನೋಡಿ. ನಡುವಿನ ಗಾಢ ಬಣ್ಣದ ಗಟ್ಟಿ ಭಾಗಕ್ಕೆ ಕೆಚ್ಚು ಅಥವಾ ಚೇಗು ಅನ್ನುತ್ತಾರೆ. ಹಲಸಿನ ಕೆಚ್ಚು ಹಳದಿ, ಕರಿಜಾಲಿಯದು ಕೆಂಪು ಕಂದು. ಬಣ್ಣವನ್ನು ಹೊಸದಾಗಿ ಸೀಳಿದ ಮುಖದಲ್ಲಿ ಮಾತ್ರ ನೋಡಬೇಕು. ಬಿಸಿಲಿನಲ್ಲಿ ಬಿದ್ದ ಯಾವ ಮರವಾದರೂ ಕೊನೆಗೆ ಬೂದು ಬಣ್ಣಕ್ಕೆ ತಿರುಗುತ್ತದೆ.

ತೆಂಗು, ಅಡಿಕೆಯ ಕಾಂಡದಲ್ಲಿ ಉಂಗುರವೂ ಇಲ್ಲ, ಗೆರೆಯೂ ಇಲ್ಲ. ಎಲ್ಲೆಲ್ಲೂ ಚುಕ್ಕಿಗಳು. ಹೊರಗೆ ಚುಕ್ಕಿಗಳು ಒತ್ತಾಗಿ, ಒಳಗೆ ವಿರಳವಾಗಿ ಇರುತ್ತವೆ. ಹೊರಗಿನ ಗಟ್ಟಿ ಭಾಗ ಚೆನ್ನಾಗಿ ಉರಿಯುತ್ತದೆ. ಒಳಗಿನ ಮೆತ್ತನೆ ಭಾಗ ನೀರು ಹಿಡಿದುಕೊಳ್ಳುತ್ತದೆ, ಅದನ್ನು ಬೇರೆ ಮಾಡಿಬಿಡಿ.

ಇಷ್ಟು ಮಾಡಿದರೂ ಹೆಸರು ಸಿಗಲಿಲ್ಲವೇ? ಚಿಂತೆ ಬೇಡ. ವಿಷದ ಮರವಲ್ಲ ಅಂತ ಖಾತ್ರಿಯಾಗಿದ್ದರೆ ಮುಂದಿನ ಹಂತಗಳಿಗೆ ಹೆಸರಿನ ಅಗತ್ಯವೇ ಇಲ್ಲ.

ಹಂತ 4: ಸಾಂದ್ರತೆ ಅಳೆಯಿರಿ

ಮರದ ನಾರಿನ ಗೋಡೆ ಎಲ್ಲ ಜಾತಿಯಲ್ಲೂ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಮರ ತೇಲುವುದು ಅದರೊಳಗಿನ ಗಾಳಿ ತುಂಬಿದ ಜಾಗದಿಂದ. ಗಾಳಿ ಜಾಸ್ತಿ ಇದ್ದರೆ ಹಗುರ, ಕಡಿಮೆ ಇದ್ದರೆ ಭಾರ. ಅಂದರೆ ಎಷ್ಟು ಮುಳುಗುತ್ತದೆ ಅಂತ ನೋಡಿದರೆ ಎಷ್ಟು ಮರ ತುಂಬಿದೆ ಅಂತ ತಿಳಿಯುತ್ತದೆ.

ಚೆನ್ನಾಗಿ ಒಣಗಿದ ತುಂಡಿನಿಂದ 10 ಸೆಂಟಿಮೀಟರ್ ಉದ್ದದ, ಬೆರಳು ದಪ್ಪದ, ಉದ್ದಕ್ಕೂ ಒಂದೇ ದಪ್ಪ ಇರುವ ಕಡ್ಡಿ ಮಾಡಿ. ತೊಗಟೆ ಇರಬಾರದು. ಪೆನ್ಸಿಲ್‌ನಿಂದ ಸೆಂಟಿಮೀಟರಿಗೊಂದು ಗೆರೆ ಎಳೆಯಿರಿ. ಕಿರಿದಾದ ಜಾಡಿಯ ತುಂಬಾ ನೀರು ಹಾಕಿ ಕಡ್ಡಿಯನ್ನು ನೆಟ್ಟಗೆ ಬಿಡಿ. ಅದು ತೇಲಬೇಕು, ಗಾಜಿಗೆ ಅಂಟಿ ನಿಲ್ಲಬಾರದು. ತಕ್ಷಣ ಎಷ್ಟನೇ ಗೆರೆಯವರೆಗೆ ಮುಳುಗಿದೆ ನೋಡಿ. ತಡಮಾಡಿದರೆ ಕಡ್ಡಿ ನೀರು ಕುಡಿಯುತ್ತದೆ.

ಏಳು ಗೆರೆ ಮುಳುಗಿದರೆ ಸಾಂದ್ರತೆ ಸುಮಾರು 0.7. ನನ್ನ ಲೆಕ್ಕದಲ್ಲಿ 0.7 ದಾಟಿದ್ದೆಲ್ಲ ಒಳ್ಳೆ ಸೌದೆ. 0.5 ರಿಂದ 0.7ರ ನಡುವಿನದು ದಿನದ ಬಳಕೆಗೆ ಸಾಕು. 0.4ಕ್ಕಿಂತ ಕೆಳಗಿನದು ಬೆಂಕಿ ಹೊತ್ತಿಸಲು ಮಾತ್ರ. ಪೂರ್ತಿ ಮುಳುಗಿಹೋದರೆ ನೀರಿಗಿಂತ ಭಾರವಾದ ಮರ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಹಸಿ ತುಂಡನ್ನು ಎತ್ತಿ "ಎಷ್ಟು ಭಾರ ಇದೆ, ಒಳ್ಳೆ ಮರ" ಅನ್ನುವುದು. ಅದು ನೀರಿನ ಭಾರ. ನುಗ್ಗೆಯೂ ಹಸಿಯಲ್ಲಿ ಭಾರವೇ.

ಹಂತ 5: ತೇವಾಂಶ ನೋಡಿ

ಈ ಹಂತವನ್ನು ಬಿಡಬೇಡಿ. ಆಗಷ್ಟೇ ಕಡಿದ ಮರದಲ್ಲಿ ತೂಕದ ಅರ್ಧದಷ್ಟು ನೀರೇ ಇರಬಹುದು. ಒಂದು ಕಿಲೋ ನೀರನ್ನು ಕಾಯಿಸಿ ಆವಿ ಮಾಡಲು 600 ಕಿಲೋಕ್ಯಾಲೊರಿಗೂ ಜಾಸ್ತಿ ಶಾಖ ಬೇಕು. ಅರ್ಧ ನೀರಿರುವ ಒಂದು ಕಿಲೋ ಸೌದೆಯಿಂದ ಕೈಗೆ ಸಿಗುವುದು ಸುಮಾರು 1,900 ಕಿಲೋಕ್ಯಾಲೊರಿ. ಅದೇ ನೂರಕ್ಕೆ 20 ಪಾಲು ನೀರಿದ್ದರೆ ಸುಮಾರು 3,500. ಇಷ್ಟೇ ಅಲ್ಲ. ಹಸಿ ಸೌದೆಯ ಉರಿ ತಣ್ಣಗಿರುವುದರಿಂದ ಮರದಿಂದ ಹೊರಟ ಅನಿಲಗಳು ಪೂರ್ತಿ ಉರಿಯದೆ ಹೊಗೆಯಾಗಿ ಹೋಗುತ್ತವೆ. ಆ ಹೊಗೆಯೇ ಚಿಮಣಿಯ ಒಳಗೆ ಟಾರಿನಂತೆ ಅಂಟಿಕೊಳ್ಳುತ್ತದೆ. ಮುಂದೊಂದು ದಿನ ಆ ಅಂಟಿಗೇ ಬೆಂಕಿ ಹತ್ತಬಹುದು.

ಸುಲಭದ ಗುರುತುಗಳು ಇವೆ. ಎರಡು ತುಂಡನ್ನು ಒಂದಕ್ಕೊಂದು ಬಡಿದರೆ ಒಣಗಿದ್ದು ಟಣ್ ಅನ್ನುತ್ತದೆ, ಹಸಿಯದು ದಬ್ ಅನ್ನುತ್ತದೆ. ಒಣಗಿದ್ದರ ತೊಗಟೆ ಸಡಿಲವಾಗಿರುತ್ತದೆ. ತುದಿಯಲ್ಲಿ ಬಿರುಕು ಬಿಟ್ಟಿರುತ್ತದೆ. ಆದರೆ ಬಿರುಕನ್ನು ಪೂರ್ತಿ ನಂಬಬೇಡಿ. ಮರ ಕುಗ್ಗಲು ಶುರುವಾಗುವುದು ತೇವಾಂಶ ಒಣ ಮರದ ತೂಕದ ನೂರಕ್ಕೆ ಸುಮಾರು 30ಕ್ಕಿಂತ ಕೆಳಗೆ ಇಳಿದ ಮೇಲೆ, ಮತ್ತು ತುದಿ ಎಲ್ಲಕ್ಕಿಂತ ಮೊದಲು ಒಣಗುತ್ತದೆ. ತುದಿ ಬಿರುಕು ಬಿಟ್ಟು ಒಳಗೆ ಹಸಿ ಇರುವ ಕೊರಡು ಬೇಕಾದಷ್ಟು ಸಿಗುತ್ತದೆ. ರಾಶಿಯ ನಡುವಿನ ಒಂದು ದಪ್ಪ ತುಂಡನ್ನು ತೆಗೆದು ಸೀಳಿ. ಒಳಮುಖವನ್ನು ಕೆನ್ನೆಗೆ ಒತ್ತಿ. ತಣ್ಣಗೆ ಅನ್ನಿಸಿದರೆ ಇನ್ನೂ ಹಸಿ.

ಮೀಟರ್ ಇದ್ದರೆ ಅದನ್ನೂ ಹೊಸದಾಗಿ ಸೀಳಿದ ಮುಖದ ನಡುವೆಯೇ ಚುಚ್ಚಬೇಕು. ಹೊರಗೆ ಅಥವಾ ತುದಿಗೆ ಚುಚ್ಚಿದರೆ ಸುಳ್ಳು ಅಂಕಿ ಬರುತ್ತದೆ.

ಖಚಿತವಾಗಿ ತಿಳಿಯಬೇಕಾದರೆ ತೂಕ ಮಾಡಿ. ತುದಿಯಿಂದ ಒಂದು ಗೇಣು ಬಿಟ್ಟು, ಎರಡು ಸೆಂಟಿಮೀಟರ್ ದಪ್ಪದ ಬಿಲ್ಲೆ ಕೊಯ್ಯಿರಿ. ತಕ್ಷಣ ತೂಗಿ ಬರೆದಿಡಿ. 100 ಡಿಗ್ರಿಗಿಂತ ಒಂದೆರಡು ಡಿಗ್ರಿ ಮೇಲಿಟ್ಟ ಓವನ್‌ನಲ್ಲಿ ಒಣಗಿಸಿ. ಆಗಾಗ ತೂಗಿ, ತೂಕ ಇಳಿಯುವುದು ನಿಂತಾಗ ತೆಗೆಯಿರಿ. ಒಂದು ದಿನ ಹಿಡಿಯಬಹುದು. ಮೊದಲು 500 ಗ್ರಾಂ ಇದ್ದದ್ದು 300ಕ್ಕೆ ಬಂದರೆ 200 ಗ್ರಾಂ ನೀರು ಹೋಯಿತು. 500ರಲ್ಲಿ 200, ಅಂದರೆ ನೂರಕ್ಕೆ 40.

ಒಂದು ಎಚ್ಚರಿಕೆ. ಮೀಟರ್‌ಗಳು ಸಾಮಾನ್ಯವಾಗಿ ಒಣ ಮರದ ತೂಕಕ್ಕೆ ಹೋಲಿಸಿ ನೀರನ್ನು ಹೇಳುತ್ತವೆ. ಮೇಲಿನ ಬಿಲ್ಲೆಯಲ್ಲಿ ಅದು 300ಕ್ಕೆ 200, ಅಂದರೆ 67 ಆಗುತ್ತದೆ. ಮರ ಒಂದೇ, ನೀರೂ ಒಂದೇ, ಲೆಕ್ಕ ಬೇರೆ. ನಮ್ಮ ಲೆಕ್ಕದ 20 ಮೀಟರಿನಲ್ಲಿ 25. ಇಬ್ಬರು ಜಗಳ ಆಡುವ ಮೊದಲು ಯಾರು ಯಾವ ಲೆಕ್ಕ ಹಿಡಿದಿದ್ದಾರೆ ಅಂತ ಕೇಳಿಕೊಳ್ಳಬೇಕು.

ಹಂತ 6: ಕೊಳೆತಿದೆಯೇ, ಹುಳು ತಿಂದಿದೆಯೇ

ಇದು ಬೇಗ ಮುಗಿಯುವ ಹಂತ. ಉಗುರಿನಿಂದ ಒತ್ತಿ. ಒಳಗೆ ಹೋದರೆ ಮರ ಲಡ್ಡಾಗಿದೆ. ತೊಗಟೆಯ ಕೆಳಗೆ ಬಿಳಿ ಎಳೆಗಳು, ಅಣಬೆ ಇದ್ದರೆ ಶಿಲೀಂಧ್ರ ಮರವನ್ನು ತಿನ್ನುತ್ತಿದೆ. ಶಿಲೀಂಧ್ರ ತಿಂದಷ್ಟು ಮರ ನಿಮ್ಮ ಒಲೆಗೆ ಸಿಗುವುದಿಲ್ಲ. ಸಣ್ಣ ತೂತಿನಿಂದ ನಯವಾದ ಪುಡಿ ಉದುರುತ್ತಿದ್ದರೆ ಕುಟ್ಟೆ ಹಿಡಿದಿದೆ. ಮಾವಿನ ಸೌದೆಗೆ ಇದು ಬೇಗ ಬರುತ್ತದೆ. ಅಂಥದ್ದನ್ನು ಮನೆಯ ಮರದ ಸಾಮಾನಿನ ಹತ್ತಿರ ಇಡದೆ ಮೊದಲು ಬಳಸಿ ಮುಗಿಸಿ.

ಹಂತ 7: ಉರಿಸಿ ನೋಡಿ

ಹೊರಗೆ, ಬಯಲಿನಲ್ಲಿ ಮಾಡಿ. ಗೊತ್ತಿರುವ ಒಂದು ಒಳ್ಳೆ ಸೌದೆ, ಗೊತ್ತಿಲ್ಲದ ಒಂದು, ಎರಡನ್ನೂ ಒಂದೇ ಅಳತೆಗೆ ಸೀಳಿ. ಎರಡೂ ಒಂದೇ ಮಟ್ಟಕ್ಕೆ ಒಣಗಿರಬೇಕು, ಇಲ್ಲವಾದರೆ ಹೋಲಿಕೆಗೆ ಅರ್ಥವಿಲ್ಲ. ಅಕ್ಕಪಕ್ಕದಲ್ಲಿ ಹೊತ್ತಿಸಿ.

ತುದಿಯಲ್ಲಿ ನೊರೆ ಬಂದು ಸುಯ್ ಅಂದರೆ ನೀರಿದೆ. ದಪ್ಪ ಬಿಳಿ ಹೊಗೆ ಎಂದರೆ ತೇವ ಇದೆ ಅಥವಾ ಉರಿ ಇನ್ನೂ ಹಿಡಿದಿಲ್ಲ. ಕಪ್ಪು ಹೊಗೆ ಎಂದರೆ ರಾಳ ಇದೆ ಅಥವಾ ಗಾಳಿ ಸಾಲದು. ಚಟಪಟ ಅಂತ ಕಿಡಿ ಹಾರಿದರೆ ತೆರೆದ ಒಲೆಗೆ ಆ ಮರ ಬೇಡ. ಎಲ್ಲಕ್ಕಿಂತ ಮುಖ್ಯ, ಜ್ವಾಲೆ ಆರಿದ ಮೇಲೆ ಕೆಂಡ ಎಷ್ಟು ಹೊತ್ತು ನಿಂತಿತು ಅನ್ನುವುದು. ಗಡಿಯಾರ ನೋಡಿ ಬರೆದಿಡಿ. ಬೂದಿಯನ್ನೂ ನೋಡಿ. ತೊಗಟೆ ತೆಗೆದ ಮರದಲ್ಲಿ ತೂಕದ ನೂರಕ್ಕೆ ಒಂದೆರಡು ಪಾಲಿಗಿಂತ ಬೂದಿ ಜಾಸ್ತಿ ಬರಬಾರದು. ತೊಗಟೆಯಲ್ಲಿ ಬೂದಿ ಜಾಸ್ತಿ.

ಬಿದಿರನ್ನು ಇಡಿಯಾಗಿ ಬೆಂಕಿಗೆ ಹಾಕಬೇಡಿ. ಗೆಣ್ಣಿನ ನಡುವೆ ಸಿಕ್ಕ ಗಾಳಿ ಕಾದು ಪಟಾರನೆ ಸಿಡಿಯುತ್ತದೆ. ಸೀಳಿ ಹಾಕಿ. ಇನ್ನೊಂದು ಮಾತನ್ನು ದಯವಿಟ್ಟು ಮನೆಯವರಿಗೆಲ್ಲ ಹೇಳಿ. ಚೆನ್ನಾಗಿ ನಿಂತ ಕೆಂಡವನ್ನು ಚಳಿಗೆಂದು ಮುಚ್ಚಿದ ಕೋಣೆಗೆ ತರಲೇಬಾರದು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆ ಇಲ್ಲ. ಮಲಗಿದವರು ಏಳುವುದಿಲ್ಲ.

ಹಂತ 8: ಕೊಳ್ಳುವಾಗ

ತೂಕದ ಲೆಕ್ಕದಲ್ಲಿ ಕೊಳ್ಳುತ್ತಿದ್ದರೆ ಜಾತಿಯ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ, ನೀರಿನ ಬಗ್ಗೆ ಕೆಡಿಸಿಕೊಳ್ಳಿ. ಹಸಿ ಸೌದೆಗೆ ಕೊಟ್ಟ ದುಡ್ಡಿನಲ್ಲಿ ಅರ್ಧ ನೀರಿಗೆ ಹೋಗುತ್ತದೆ. ಗಾಡಿ ಅಥವಾ ಲೋಡಿನ ಲೆಕ್ಕದಲ್ಲಿ ಕೊಳ್ಳುತ್ತಿದ್ದರೆ ಜಾತಿ ಮುಖ್ಯ. ಒಂದು ಲೋಡ್ ಸರ್ವೆಯಲ್ಲಿ ಒಂದು ಲೋಡ್ ಬೂರುಗದ ಎರಡು ಪಟ್ಟಿಗೂ ಜಾಸ್ತಿ ಮರ ಇರುತ್ತದೆ. ಅಡ್ಡಾದಿಡ್ಡಿ ತುಂಬಿದ ಲೋಡಿನಲ್ಲಿ ಖಾಲಿ ಜಾಗವೇ ಜಾಸ್ತಿ, ಒಟ್ಟಿ ಜೋಡಿಸಿದ್ದನ್ನು ನೋಡಿ ಕೊಳ್ಳಿ. "ಎಲ್ಲ ಜಾಲಿನೇ" ಅನ್ನುವ ಮಾತಿನ ಜೊತೆ ನಡುವೆ ಬೇರೆ ಮರ ಸೇರಿರಬಹುದು. ಮೇಲಿನ ಸಾಲು ಸರಿಸಿ ಕೆಳಗಿನದನ್ನೂ ನೋಡಿ.

ಹಗುರ ಮರ ಬಂತೆಂದು ಎಸೆಯಬೇಡಿ. ಬೆಂಕಿ ಹೊತ್ತಿಸಲು, ಬೇಗ ಕಾಯಬೇಕಾದ ಕೆಲಸಕ್ಕೆ ಅದೇ ಸರಿ. ಹೊತ್ತಿಸಲು ಹಗುರ ಪುಳ್ಳೆ, ಉರಿ ಹಿಡಿದ ಮೇಲೆ ಮಧ್ಯಮ, ಕೆಂಡಕ್ಕೆ ಭಾರದ ಮರ. ಮೂರನ್ನೂ ಬೇರೆ ಬೇರೆ ಒಟ್ಟಿದರೆ ಕೈಗೆ ಸುಲಭವಾಗಿ ಸಿಗುತ್ತದೆ.

ಹಂತ 9: ಒಟ್ಟುವುದು

ಮರದ ನೀರು ಪಕ್ಕದಿಂದ ಹೋಗುವುದಕ್ಕಿಂತ ಹತ್ತಾರು ಪಟ್ಟು ಬೇಗ ತುದಿಯಿಂದ ಹೋಗುತ್ತದೆ. ಆದ್ದರಿಂದ ಮೊದಲು ತುಂಡು ಮಾಡಿ, ಆಮೇಲೆ ಸೀಳಿ, ಆಮೇಲೆ ಒಟ್ಟಿ. ಉದ್ದ ಕೊರಡನ್ನು ತೊಗಟೆ ಸಮೇತ ವರ್ಷ ಇಟ್ಟರೂ ಒಳಗೆ ಹಸಿ ಉಳಿಯುತ್ತದೆ. ತೋಳಿಗಿಂತ ದಪ್ಪ ಇರುವುದನ್ನೆಲ್ಲ ಸೀಳಿಬಿಡಿ.

ನೆಲದಿಂದ ಒಂದು ಗೇಣು ಮೇಲೆ, ಅಡ್ಡ ಹಾಕಿದ ಕಂಬದ ಮೇಲೆ, ಒಂದೇ ಸಾಲಾಗಿ ಒಟ್ಟಿ. ಗೋಡೆಗೆ ಒತ್ತಿ ಇಡಬೇಡಿ, ಹಿಂದೆ ಗಾಳಿ ಆಡಲಿ. ಮಳೆಗೆ ಮೇಲ್ಭಾಗ ಮಾತ್ರ ಮುಚ್ಚಿ. ಪ್ಲಾಸ್ಟಿಕ್ ಹಾಳೆಯನ್ನು ನೆಲದವರೆಗೆ ಇಳಿಬಿಟ್ಟು ಸುತ್ತುವವರೇ ಜಾಸ್ತಿ. ಒಳಗಿನ ತೇವ ಹೊರಗೆ ಹೋಗದೆ ಬೂಸ್ಟು ಹಿಡಿಯುತ್ತದೆ. ತೆಳ್ಳನೆಯ ಕೊಂಬೆ ಒಳ್ಳೆ ಬಿಸಿಲಿದ್ದರೆ ಎರಡು ಮೂರು ತಿಂಗಳಿಗೆ ಸಿದ್ಧ. ದಪ್ಪ ಗಟ್ಟಿ ಮರಕ್ಕೆ ಆರು ತಿಂಗಳಿಂದ ಒಂದು ವರ್ಷ ಬೇಕು.

ಪ್ರತಿ ಸಾಲಿನ ತುದಿಯ ಒಂದು ತುಂಡಿನ ಮೇಲೆ ಸೀಮೆಸುಣ್ಣದಲ್ಲಿ ಮರದ ಹೆಸರು, ಒಟ್ಟಿದ ತಿಂಗಳು ಬರೆಯಿರಿ. ಹೆಸರು ಸಿಗದಿದ್ದರೆ ಜಾಡಿಯಲ್ಲಿ ಎಷ್ಟನೇ ಗೆರೆಗೆ ಮುಳುಗಿತು ಅನ್ನುವುದನ್ನು ಬರೆದರೆ ಸಾಕು. ಹಳೆಯ ಸಾಲನ್ನು ಮೊದಲು ತೆಗೆಯಿರಿ. ಮಳೆಗಾಲದಲ್ಲಿ ಎರಡು ಮೂರು ದಿನಕ್ಕೆ ಬೇಕಾದಷ್ಟನ್ನು ಮೊದಲೇ ಒಳಗೆ ತಂದಿಟ್ಟುಕೊಳ್ಳಿ. ಒಲೆಯಿಂದ ಕಿಡಿ ಹಾರಿದರೂ ತಾಗದಷ್ಟು ದೂರದಲ್ಲಿ ಇಡಿ.